ಆರಿಸಿ ನೋಡದ ಮೇಣದಬತ್ತಿ

ಮನೆಯಲ್ಲೇ ಕೂತು ಮೇಣದಬತ್ತಿ ಮಾಡುವುದು ಬಲು ಸುಲಭ ಎಂದು ಮೊಬೈಲಿನಲ್ಲಿ ನಗುನಗುತ್ತಾ ಹೇಳುವ ಹೆಂಗಸರ ಮನೆಯಲ್ಲಿ ಪಾತ್ರೆ ತಿಕ್ಕುವವರು ಬೇರೆ ಯಾರೋ ಇರಬೇಕು. ನಮ್ಮನೆಯಲ್ಲಿ ಅದು ನಾನೇ. ಮೇಣ ಹಿಡಿದ ಪಾತ್ರೆಗೆ ಬಿಸಿನೀರು ಸುರಿದು ತೊಳೆದರೆ ಆ ಮೇಣ ಸಿಂಕಿನ ಪೈಪಿನೊಳಗೆ ಇಳಿದು ಅಲ್ಲೇ ಗಟ್ಟಿಯಾಗಿ ಕೂರುತ್ತದೆ ಎಂಬ ಮೊದಲನೇ ಪಾಠವನ್ನು ಆ ಮಹಾತಾಯಂದಿರಲ್ಲಿ ಒಬ್ಬರೂ ಹೇಳಲಿಲ್ಲ. ಅಕ್ಕಿ ತೊಳೆದ ನೀರೂ ಕಾಫಿ ಗಸಿಯೂ ಸಿಂಕಿನಲ್ಲಿ ತೇಲಿ ನಿಂತ ಮೇಲೆ ನಮಗೇ ಗೊತ್ತಾಯಿತು. ಅದಕ್ಕೇ ಮೊದಲು ಇದನ್ನು ಹೇಳಿಬಿಡುತ್ತೇನೆ. ಪಾತ್ರೆ ಬಿಸಿಯಿರುವಾಗಲೇ ಹಳೇ ಪೇಪರಿನಲ್ಲಿ ಚೆನ್ನಾಗಿ ಒರೆಸಿ, ಆಮೇಲೆ ಸೋಪು ಮುಟ್ಟಿ. ಮತ್ತೆ ಆ ಪಾತ್ರೆಯಲ್ಲಿ ಹಾಲು ಕಾಯಿಸುವ ಆಸೆ ಬಿಟ್ಟುಬಿಡಿ.

ಈ ಮೇಣದ ಸಹವಾಸ ನಮಗೆ ಅಂಟಿದ್ದು ನನ್ನ ನಾದಿನಿಯಿಂದ. ನಮ್ಮ ಮನೆ ಇರುವುದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ನಾನು ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಒಂದು ಕಾಲೇಜಿನ ಆಫೀಸಿನಲ್ಲಿ ದುಡಿದು ಬರುವವಳು. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ. ನಾದಿನಿಯನ್ನು ಕುಂಸಿಗೆ ಕೊಟ್ಟಿತ್ತು. ಒಂದು ಮಧ್ಯಾಹ್ನ ಅವಳು ಬ್ಯಾಗು ಹಿಡಿದು ಬಂದು, "ಅತ್ತಿಗೆ, ಇನ್ನು ನಾನು ಅಲ್ಲಿಗೆ ಹೋಗಲ್ಲ" ಎಂದಳು.

ಕಾರಣ ಕೇಳಲು ಬಂದ ಬಳಗದವರಿಗೆಲ್ಲ ಭಾರೀ ನಿರಾಶೆ. ಗಂಡ ಕುಡಿಯುವವನಲ್ಲ, ಕೈ ಎತ್ತುವವನಲ್ಲ, ಇಸ್ಪೀಟು ಮುಟ್ಟಿದವನಲ್ಲ. ಅವನು ಮಾತು ಬಿಡುವವನು. ಸಾರಿಗೆ ಉಪ್ಪು ಹೆಚ್ಚಾದರೆ ಮಾತು ಬಿಟ್ಟ, ತವರಿಗೆ ಹೋದವಳು ಹೇಳಿದ್ದಕ್ಕಿಂತ ಒಂದು ದಿನ ತಡವಾಗಿ ಬಂದರೆ ಮಾತು ಬಿಟ್ಟ. ಬಿಟ್ಟನೆಂದರೆ ತಿಂಗಳುಗಟ್ಟಲೆ. ಮನೆಯಲ್ಲಿ ಇರುವವರು ಇಬ್ಬರೇ, ಅದರಲ್ಲಿ ಒಬ್ಬರು ಮೂಗರಾದರೆ ಇನ್ನೊಬ್ಬರು ಏನು ಮಾಡಬೇಕು? ಕೊನೆಕೊನೆಗೆ ತಾನು ಒಗ್ಗರಣೆ ಜೊತೆ ಮಾತಾಡುತ್ತಿದ್ದೆ ಎಂದು ಅವಳು ನನಗೆ ಹೇಳಿದಾಗ ನನಗೆ ಹೊಟ್ಟೆ ಉರಿದುಹೋಯಿತು.

ಬಳಗಕ್ಕೆ ಉರಿಯಲಿಲ್ಲ. "ಮಾತೇ ಆಡದ ಗಂಡನಾ? ಪುಣ್ಯ ಮಾಡಿದ್ಲು ಬಿಡೆ ಮಾರಾಯ್ತಿ, ನಮ್ಮೋರು ಬಾಯಿ ಮುಚ್ಚಿದ್ದು ನಾನು ನೋಡೇ ಇಲ್ಲ" ಎಂದು ಹೇಳಿ, ಕೊಟ್ಟ ಚಕ್ಕುಲಿ ತಿಂದು ಎದ್ದು ಹೋದರು. ಅತ್ತೆಯೂ ಅವರ ಕಡೆಗೇ. ಮಗಳು ಅತ್ತರೆ ತಾವೂ ಅಳುತ್ತಿದ್ದರು, ಕಣ್ಣೊರೆಸಿಕೊಂಡು "ಆದ್ರೂ ಹೆಣ್ಣು ಕೊಟ್ಟ ಮೇಲೆ ಕೊಟ್ಟ ಹಾಗೇ ಅಲ್ವಾ" ಎನ್ನುತ್ತಿದ್ದರು. ನನ್ನ ಗಂಡನ ಅಭಿಪ್ರಾಯ "ನೋಡೋಣ". ಮದುವೆಯಾದಾಗಿನಿಂದ ಅವರದು ಅದೊಂದೇ ಅಭಿಪ್ರಾಯ.

ತೀರ್ಪು ಕೊಟ್ಟವರು ಅತ್ತೆಯ ಅಣ್ಣ, ಅಂದರೆ ನಾದಿನಿಯ ಸೋದರಮಾವ. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದು ರಿಟೈರಾದವರು. ಕೆಳಗೆ ಕೆಲಸ ಮಾಡುವವರು ಯಾರೂ ಉಳಿಯದೇ ಹೋದದ್ದರಿಂದ ಬಳಗವನ್ನೇ ಡಿಪಾರ್ಟ್‌ಮೆಂಟು ಮಾಡಿಕೊಂಡಿದ್ದರು. "ಇಲ್ಲೇ ಇರ್ತೀನಿ ಅಂದ್ರೆ ಇರ್ಲಿ. ಆದ್ರೆ ದೀಪಾವಳಿ ಒಳಗೆ ಒಂದು ಉದ್ಯೋಗ ಅಂತ ತೋರಿಸ್ಲಿ. ಇಲ್ಲ ಅಂದ್ರೆ ಹಬ್ಬಕ್ಕೆ ಅಳಿಯಂದಿರನ್ನ ಕರೆಸಿ, ಎಣ್ಣೆ ನೀರು ಹಾಕಿ, ಜೊತೇಲೇ ಕಳಿಸಿಬಿಡೋಣ" ಎಂದರು. ನಾದಿನಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆವತ್ತಿನಿಂದ ನನಗೂ ಹಟ ಹಿಡಿಯಿತು.

ಏನು ಉದ್ಯೋಗ ಎಂದರೆ ಕ್ಯಾಂಡಲ್ ಎಂದಳು. ಅತ್ತೆಗೆ ಅದನ್ನು ಅರ್ಥ ಮಾಡಿಸುವುದೇ ಒಂದು ಉದ್ಯೋಗವಾಯಿತು.

"ಕರೆಂಟ್ ಹೋದಾಗ ಹಚ್ಚೋದಾ?"

"ಅಲ್ಲಮ್ಮ, ಕರೆಂಟ್ ಇದ್ದಾಗ ಹಚ್ಚೋದು."

"ಕರೆಂಟ್ ಇದ್ದಾಗ ಯಾಕೆ ಹಚ್ತಾರೆ?"

"ಲೈಟ್ ಆಫ್ ಮಾಡಿ ಹಚ್ತಾರೆ. ಪರಿಮಳಕ್ಕೆ."

"ಮತ್ತೆ ಊದುಬತ್ತಿಗೆ ಏನಾಗಿದೆ ರೋಗ?" ಎಂದರು ಅತ್ತೆ.

ಶುರು ಮಾಡಿದೆವು. ಮೇಣವನ್ನು ನೇರ ಉರಿಯ ಮೇಲೆ ಇಡಬೇಡಿ, ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಅದರೊಳಗೆ ಮೇಣದ ಪಾತ್ರೆ ಇಡಿ. ಇದನ್ನು ನಾದಿನಿ ಓದಿಕೊಂಡಿದ್ದಳು. ಗಾಜಿನ ಲೋಟವನ್ನು ಮೊದಲು ಬೆಚ್ಚಗೆ ಮಾಡಿಕೊಳ್ಳಬೇಕು ಎಂಬುದನ್ನು ಮಾತ್ರ ಓದಿರಲಿಲ್ಲ. ನನ್ನ ಮದುವೆಗೆ ಯಾರೋ ಉಡುಗೊರೆ ಕೊಟ್ಟಿದ್ದ ಲೋಟಗಳಲ್ಲಿ ಒಂದು ಟಪ್ ಎಂದು ಸೀಳಿದಾಗ ಕಲಿತಳು. ಮೇಣ ತಣಿಯುತ್ತಾ ಬತ್ತಿಯ ಸುತ್ತ ಗುಳಿ ಬೀಳುತ್ತದೆ, ಆದ್ದರಿಂದ ಸ್ವಲ್ಪ ಮೇಣ ಉಳಿಸಿಕೊಂಡು ಎರಡನೇ ಸಲ ಸುರಿಯಬೇಕು. ಬತ್ತಿ ನಡುವೆ ನೆಟ್ಟಗೆ ನಿಲ್ಲಲು ಲೋಟದ ಬಾಯಿಗೆ ಅಡ್ಡಲಾಗಿ ಎರಡು ಪೊರಕೆ ಕಡ್ಡಿ ಇಟ್ಟು ಮಧ್ಯೆ ಸಿಕ್ಕಿಸಬೇಕು. ಪೊರಕೆ ಹೊಸದಿರಲಿ. ನಾನು ಇದನ್ನು ಹೇಳಬೇಕಾಗಿ ಬಂತಲ್ಲ ಎಂಬುದೇ ನನ್ನ ಸಂಕಟ.

ಬತ್ತಿಯ ವಿಷಯಕ್ಕೆ ಅತ್ತೆ ಅಡ್ಡ ಬಂದರು. "ಬತ್ತಿಗೆ ಯಾಕೆ ದುಡ್ಡು ಕೊಡ್ತೀರಿ? ನಾನು ಹೊಸೆದು ಕೊಡ್ತೀನಿ" ಎಂದು ಅರಳೆ ಹಿಡಿದು ತೊಡೆಯ ಮೇಲೆ ಚಕಚಕನೆ ಹೊಸೆದರು. ದೇವರ ಮುಂದೆ ಎಣ್ಣೆಯಲ್ಲಿ ಜಾಣತನದಿಂದ ಉರಿಯುವ ಆ ಬತ್ತಿ ಮೇಣದಲ್ಲಿ ಚಿಟಿಚಿಟಿ ಎಂದು, ತಲೆ ಬಗ್ಗಿಸಿ, ಕರಿ ಉಗುಳಿತು. ನೂಲು ಹೆಣೆದ ಬತ್ತಿಯನ್ನೇ ತರಬೇಕಾಯಿತು. ಅತ್ತೆ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಪರಿಮಳದ ಎಣ್ಣೆಯನ್ನು ನಾದಿನಿ ಮೊದಲ ಸಲ ಧಾರಾಳವಾಗಿ ಸುರಿದಳು. ಮೇಣ ಅದನ್ನು ಕುಡಿಯದೆ ಮೇಲಕ್ಕೆ ಬೆವರಿತು. ಹಚ್ಚಿದರೆ ಇಡೀ ಮನೆ ಮದುವೆ ಛತ್ರದ ಬಾಗಿಲಾಯಿತು, ಪನ್ನೀರು ಎರಚುವವರು ಮಾತ್ರ ಇರಲಿಲ್ಲ. ಕಡಿಮೆ ಹಾಕಿ, ಅಳತೆ ಇಟ್ಟುಕೊಂಡು ಹಾಕಿ, ಹಾಕಿದ ಮೇಲೆ ಉಪ್ಪಿನಕಾಯಿಯಂತೆ ಕೆಲವು ದಿನ ಮುಚ್ಚಿಟ್ಟು ಬಲಿಯಲು ಬಿಡಿ. ಮಾಡಿದ ಸಂಜೆಯೇ ಮೂಸಿ ನೋಡಿ ಅಳಬೇಡಿ.

ಇನ್ನು ಪರೀಕ್ಷೆ. ಮಾರುವ ಮೊದಲು ಉರಿಸಿ ನೋಡಬೇಕು ಎಂದು ಎಲ್ಲರೂ ಹೇಳುತ್ತಾರೆ, ನಾವೂ ನೋಡಿದೆವು. ಭಾನುವಾರ ಬೆಳಿಗ್ಗೆ ಹಚ್ಚಿ ನಡುಮನೆಯಲ್ಲಿ ಸಾಲಾಗಿ ಇಟ್ಟರೆ, ಅತ್ತೆ ಎದುರಿಗೆ ಕೂತು ಬೆಳ್ಳುಳ್ಳಿ ಬಿಡಿಸುತ್ತಾ ಕಾವಲು ಕಾಯುತ್ತಿದ್ದರು. ಗಾಳಿ ಬಂದರೆ ಉರಿ ಓಲಾಡಿ ಒಂದೇ ಪಕ್ಕ ಕರಗುತ್ತದೆ, ಆದ್ದರಿಂದ ಫ್ಯಾನು ಬಂದ್. ನನ್ನ ಗಂಡ ಅಂಗಿ ಬಿಚ್ಚಿ ಪೇಪರಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ "ನೋಡೋಣ" ಎನ್ನುತ್ತಿದ್ದರು. ಪಕ್ಕದ ಮನೆಯ ತಮಿಳಮ್ಮ ಕಿಟಕಿಯಲ್ಲಿ ಇಣುಕಿ, "ಏನಮ್ಮಾ, ಕರೆಂಟ್ ಬಿಲ್ಲು ಕಟ್ಲಿಲ್ವಾ?" ಎಂದು ಮರುಕದಿಂದ ಕೇಳಿದರು. ಸಂಜೆ ಹೊತ್ತಿಗೆ ಮೇಣವೆಲ್ಲ ಮುಗಿದು, ಬತ್ತಿ ತಾನೇ ತಾನಾಗಿ ಶಾಂತವಾಗುವುದು. ಲೋಟದ ಗೋಡೆಗೆ ಒಂದು ಚೂರೂ ಮೇಣ ಉಳಿದಿರುತ್ತಿರಲಿಲ್ಲ. ಅಷ್ಟು ಚೊಕ್ಕ. ನಾದಿನಿ ಖಾಲಿ ಲೋಟವನ್ನು ಬೆಳಕಿಗೆ ಹಿಡಿದು ನೋಡಿ ನಗುತ್ತಿದ್ದಳು, ಬಂದಾಗಿನಿಂದ ಅವಳು ನಕ್ಕದ್ದನ್ನು ನಾನು ಅಲ್ಲೇ ಮೊದಲು ಕಂಡದ್ದು.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಗಿಫ್ಟ್ ಸಾಮಾನು ಮಾರುವ ಒಂದು ಅಂಗಡಿಯಿದೆ. ಆಫೀಸಿಗೆ ಹೋಗುವಾಗ ನಾನೇ ಬಾಕ್ಸು ತಬ್ಬಿಕೊಂಡು ಬಸ್ಸು ಹತ್ತಿದೆ. ಬಿಸಿಲು ಬೀಳುವ ಕಿಟಕಿಯ ಪಕ್ಕ ಮೇಣವನ್ನು ಕೂರಿಸಬಾರದು ಎಂಬ ಸಲಹೆಯನ್ನು ಇಲ್ಲೇ ಸೇರಿಸಿಬಿಡುತ್ತೇನೆ. ಅಂಗಡಿಯವರು ತಿರುಗಿಸಿ ಮುರುಗಿಸಿ ನೋಡಿ, "ಮಾಲ್ ಚೆನ್ನಾಗಿದೆ ಮೇಡಂ, ಇಟ್ಟು ನೋಡೋಣ. ಹೋದ್ರೆ ದೀಪಾವಳಿಗೆ ದೊಡ್ಡ ಆರ್ಡರ್ ಕೊಡ್ತೀನಿ" ಎಂದರು. ನಾದಿನಿಗೆ ಫೋನು ಮಾಡಿ ಹೇಳಿದರೆ ಆ ಕಡೆ ಗೊಳೋ ಎಂದು ಅತ್ತಳು. ಸಂತೋಷಕ್ಕೆ.

ವಾರ ಕಳೆಯುವುದರೊಳಗೆ ಅಂಗಡಿಯವರ ಫೋನು ಬಂತು. ಧ್ವನಿಯಲ್ಲಿ ಮೊದಲಿನ ಮೇಡಂ ಇರಲಿಲ್ಲ. ನಾನೂ ನಾದಿನಿಯೂ ಇಬ್ಬರೂ ಹೋದೆವು. ಕೌಂಟರಿನ ಮೇಲೆ ನಮ್ಮ ಲೋಟಗಳು ಸಾಲಾಗಿ ಕೂತಿದ್ದವು. ಒಂದೊಂದರ ನಡುವೆಯೂ ಬಾವಿಯಂತೆ ಒಂದು ತೂತು, ತೂತಿನ ತಳದಲ್ಲಿ ಮೇಣದೊಳಗೆ ಮುಳುಗಿಹೋದ ಬತ್ತಿ, ಸುತ್ತ ಗೋಡೆಯಂತೆ ಕರಗದೆ ನಿಂತ ಮೇಣ.

"ಒಂದ್ಸಲ ಹತ್ತುತ್ತೆ, ಎರಡನೇ ಸಲ ಕುಂಯ್ ಅನ್ನುತ್ತೆ, ಮೂರನೇ ಸಲ ಬಿಲ್ಕುಲ್ ಇಲ್ಲ. ಗಿರಾಕಿಗಳು ನನ್ನ ಮುಖಕ್ಕೆ ಹಿಡಿದು ಹೋಗ್ತಿದಾರೆ. ಟೆಸ್ಟ್ ಮಾಡಿದ್ರಾ ಇಲ್ವಾ?"

"ಮಾಡಿದೀವಿ ಸಾರ್" ಎಂದಳು ನಾದಿನಿ. "ಎಲ್ಲಾನೂ ಕೊನೇ ತನಕ ಉರಿಸಿ ನೋಡಿದೀವಿ. ಒಂದು ಹನಿ ಮೇಣ ಉಳೀತಿರಲಿಲ್ಲ."

"ಕೊನೇ ತನಕ ಸರಿ. ನಡುವೆ ಆರಿಸಿ, ಮತ್ತೆ ಹಚ್ಚಿ ನೋಡಿದ್ರಾ?"

ಅವರು ಏನೋ ಅಪಶಕುನ ನುಡಿದಂತೆ ನನ್ನ ಬಾಯಿಂದ "ಬಿಡ್ತು ಅನ್ನಿ" ಎಂದು ಇನ್ನೇನು ಬಂದೇಬಿಡುವುದರಲ್ಲಿತ್ತು, ನುಂಗಿಕೊಂಡೆ. ಇಷ್ಟು ದಿನದಲ್ಲಿ ನಮ್ಮಲ್ಲಿ ಒಬ್ಬರಿಗಾದರೂ ಉರಿಯುವ ಬತ್ತಿಯನ್ನು ನಡುವೆ ಆರಿಸಿ ನೋಡುವ ಯೋಚನೆಯೇ ಬಂದಿರಲಿಲ್ಲ. ಯಾಕೆ ಬರುತ್ತದೆ? ಹಚ್ಚಿದ ದೀಪವನ್ನು ಆರಿಸಬಾರದು, ಅದು ತಾನಾಗಿ ಶಾಂತವಾಗಬೇಕು ಎಂದು ಹಾಲು ಕುಡಿಯುವ ಕಾಲದಿಂದ ಕೇಳಿ ಬೆಳೆದವರು ನಾವು. ಅಂಗಡಿಯವರು ನಿಟ್ಟುಸಿರು ಬಿಟ್ಟು ವಿವರಿಸಿದರು. "ಗಿರಾಕಿ ಊಟಕ್ಕೆ ಕೂತಾಗ ಹಚ್ತಾನೆ, ಊಟ ಆದ ಮೇಲೆ ಉಫ್ ಅಂತಾನೆ. ನಾಳೆ ಮತ್ತೆ ಹಚ್ತಾನೆ. ಬೆಳಿಗ್ಗೆಯಿಂದ ಸಂಜೆ ತನಕ ಕ್ಯಾಂಡಲ್ ಮುಂದೆ ಕೂರೋಕೆ ಅವನಿಗೇನು ಬೇರೆ ಕಸುಬಿಲ್ವಾ? ಸರಿ ಮಾಡ್ಕೊಂಡು ಬನ್ನಿ, ಹಬ್ಬದ ಮೊದಲು ಬಂದ್ರೆ ನೋಡ್ತೀನಿ." ಬತ್ತಿ ನಮ್ಮ ಲೋಟಕ್ಕೆ ತೆಳುವಾಗಿತ್ತು. ದಿನವಿಡೀ ಉರಿದರೆ ನಿಧಾನವಾಗಿ ಅಂಚಿನವರೆಗೂ ಕರಗಿಸುತ್ತಿತ್ತು, ಅರ್ಧ ಗಂಟೆಗೆ ಆರಿಸಿದರೆ ನಡುವೆಯಷ್ಟೇ ಗುಂಡಿ ತೋಡಿ ಅದರಲ್ಲೇ ಮುಳುಗುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಬಾಕ್ಸಿನ ಮೇಲೆ ಗಲ್ಲ ಇಟ್ಟುಕೊಂಡು, "ಹಬ್ಬ ಹತ್ರ ಬಂತು ಅತ್ತಿಗೆ. ಮಾವ ಕುಂಸಿಗೆ ಫೋನ್ ಮಾಡಿ ಅವರನ್ನ ಕರೆದೂ ಆಗಿದೆಯಂತೆ" ಎಂದಳು. "ಕರೀಲಿ. ಬಂದು ಹೋಳಿಗೆ ತಿಂದು ಹೋಗ್ಲಿ" ಎಂದೆ ನಾನು. ಧೈರ್ಯ ನನ್ನ ಬಾಯಲ್ಲಿತ್ತು, ಎದೆಯಲ್ಲಿ ಅಷ್ಟಿರಲಿಲ್ಲ.

ಮನೆಯಲ್ಲಿ ಅತ್ತೆ ಸುತರಾಂ ಒಪ್ಪಲಿಲ್ಲ. "ಹಚ್ಚಿದ ದೀಪ ಆರಿಸೋದಾ? ಅದೂ ಬಾಯಿಂದ ಊದಿ? ಎಂಜಲು ಗಾಳೀಲಿ? ಥೂ, ಬಿಡ್ತು ಅನ್ನು!"

"ಅತ್ತೆ, ಅದು ದೀಪ ಅಲ್ಲ, ಕ್ಯಾಂಡಲ್ಲು. ದೇವರ ಮನೆಗೆ ತರಬೇಡಿ, ಅದು ಮೇಣ, ದೀಪ ಅಲ್ಲ ಅಂತ ನೀವೇ ಅಂದಿದ್ರಲ್ಲ?"

"ಹಚ್ಚೋವಾಗ ಮೇಣ. ಆರಿಸೋವಾಗ ದೀಪ" ಎಂದರು ಅತ್ತೆ. ಇಂಥ ನ್ಯಾಯ ಹೇಳುವವರು ಕೋರ್ಟಿನಲ್ಲಿ ಇರಬೇಕಾಗಿತ್ತು, ನಮ್ಮ ಅಡುಗೆಮನೆಗೆ ಬಂದು ಸೇರಿಬಿಟ್ಟಿದ್ದಾರೆ. ನನ್ನ ಗಂಡನಾದರೂ ಆರಿಸಲಿ ಎಂದರೆ ಗಂಡಸರು ದೀಪ ಆರಿಸಲೇಬಾರದಂತೆ. ನನ್ನ ಗಂಡ ಈ ಒಂದು ಶಾಸ್ತ್ರವನ್ನು ಬಹಳ ಭಕ್ತಿಯಿಂದ ಒಪ್ಪಿಕೊಂಡು ಹೊರಗೆ ಹೋದರು.

ನಾನು ಬಿಡಲಿಲ್ಲ. ಮಾತಿಗೆ ಮಾತು ಬೆಳೆದು ಕೊನೆಗೆ ಅತ್ತೆಯ ಹೊಟ್ಟೆಯಲ್ಲಿದ್ದದ್ದು ಹೊರಗೆ ಬಂತು. "ನೀನು ಊದಿದ್ರೂ ನಡೀತಿತ್ತೇನೋ. ಅವಳು ಗಂಡನ ಮನೆ ಬಿಟ್ಟು ಬಂದಿರೋಳು. ಇವಳು ದೀಪ ಊದೋದನ್ನ ಯಾರಾದ್ರೂ ನೋಡಿದ್ರೆ ಏನಂತಾರೆ? ಅಲ್ಲಿ ಒಂದು ಮನೆ ದೀಪ ಆರಿಸಿ ಬಂದ್ಲು, ಇಲ್ಲೂ ಶುರು ಮಾಡಿದ್ಲು ಅಂತಾರೆ" ಎಂದರು. ಹೇಳಿದ ಮೇಲೆ ಅವರಿಗೇ ತಡೆಯಲಾಗದೆ ಸೆರಗು ಬಾಯಿಗೆ ಹಿಡಿದರು.

ನಾದಿನಿ ನೆಲದ ಮೇಲೆ ಕೂತು ಹೊಸ ದಪ್ಪ ಬತ್ತಿಯ ಲೋಟಗಳನ್ನು ಹಚ್ಚಿಟ್ಟುಕೊಂಡಿದ್ದಳು. ತಾಯಿಯ ಮುಖ ನೋಡಿದಳು. "ಜನ ಆಗಲೇ ಅಂತಿದಾರಲ್ಲಮ್ಮ. ಅನ್ನಿಸ್ಕೊಂಡಿದ್ದಂತೂ ಆಯ್ತು, ಬತ್ತಿನಾದ್ರೂ ಸರಿ ಮಾಡ್ಕೋತೀನಿ" ಎಂದು ಹೇಳಿ, ಬಗ್ಗಿ, ಒಂದೊಂದಾಗಿ ಎಲ್ಲವನ್ನೂ ಊದಿದಳು. ಹೊಗೆ ಎದ್ದಿತು. ಅತ್ತೆ ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾರನೇ ದಿನ ಸಂಜೆ ಪರೀಕ್ಷೆಗೆ ಕೂತಾಗ ಅತ್ತೆ ಒಂದು ಸಣ್ಣ ಸ್ಟೀಲ್ ತಟ್ಟೆ ತಂದು ಮಗಳ ಮುಂದಿಟ್ಟರು. ಮುಖ ಬೇರೆ ಕಡೆಗಿತ್ತು. "ಊದಬೇಡ. ಇದನ್ನ ಮುಚ್ಚು. ತಾನೇ ಶಾಂತವಾಗುತ್ತೆ" ಎಂದರು. ಮುಚ್ಚಿದೆವು. ಹೊಗೆ ಹೊರಗೆ ಬರಲಿಲ್ಲ, ಕಮಟು ವಾಸನೆ ಇಲ್ಲ, ಪರಿಮಳವೆಲ್ಲ ಒಳಗೇ ಉಳಿಯಿತು. ನೋಡಿ, ಇದು ನಿಜವಾಗಿಯೂ ಒಳ್ಳೆಯ ಉಪಾಯ, ದುಡ್ಡು ಕೊಟ್ಟು ಕಲಿಯುವ ಕ್ಲಾಸಿನಲ್ಲೂ ಇದನ್ನೇ ಹೇಳುತ್ತಾರಂತೆ. ನಮ್ಮ ಅತ್ತೆಗೆ ಬೇಕಾಗಿದ್ದದ್ದು ಮಾತ್ರ ಶಾಸ್ತ್ರಕ್ಕೆ ಒಂದು ಸಂದು. ಅಲ್ಲಿಂದ ಮುಂದೆ ಪ್ರತಿ ಲೋಟಕ್ಕೂ ಒಂದು ಮುಚ್ಚಳ ಕೊಡುವುದೆಂದಾಯಿತು.

ದಪ್ಪ ಬತ್ತಿ ಲೋಟದ ಬಾಯಿಗೆ ಮಸಿ ಹಿಡಿಸಿತು, ತಲೆಯಲ್ಲಿ ಅಣಬೆಯಂತೆ ಕರಿ ಗಂಟು ಕಟ್ಟಿತು. ಅದಕ್ಕಿಂತ ಒಂದು ಎಳೆ ತೆಳು ತಂದೆವು. ಪ್ರತಿ ಸಲ ಹಚ್ಚುವ ಮೊದಲು ಬತ್ತಿಯ ಸುಟ್ಟ ತುದಿ ಕತ್ತರಿಸಬೇಕು, ಮೊದಲನೇ ಸಲ ಹಚ್ಚಿದಾಗ ಮೇಣ ಅಂಚಿನವರೆಗೂ ಕರಗುವ ತನಕ ಮುಚ್ಚಬಾರದು. ಹಚ್ಚಿದೆವು, ಮುಚ್ಚಿದೆವು, ಮತ್ತೆ ಹಚ್ಚಿದೆವು. ಗಿರಾಕಿಯಂತೆ ಬೇಕೆಂದೇ ಅವಸರ ಮಾಡಿದೆವು. ಒಂದು ಲೋಟವೂ ಕೈ ಕೊಡಲಿಲ್ಲ. ಅಂಗಡಿಯವರು ತಾವೇ ಕೌಂಟರಿನ ಮೇಲೆ ಹಚ್ಚಿ ಮುಚ್ಚಿ ನೋಡಿ, "ಅಬ್ಬಾ, ಈಗ ಸರಿ ಹೋಯ್ತು ಮೇಡಂ" ಎಂದು ಹಬ್ಬದ ಆರ್ಡರ್ ಕೊಟ್ಟರು. ಮೇಡಂ ವಾಪಸು ಬಂದದ್ದನ್ನು ನಾನು ಗಮನಿಸಿದೆ.

ದೀಪಾವಳಿಗೆ ಕುಂಸಿಯ ಅಳಿಯಂದಿರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಸ್ವೀಟ್ ಬಾಕ್ಸು. ಅದನ್ನು ಅತ್ತೆಯ ಕೈಗೆ ಕೊಟ್ಟರು. ಎಣ್ಣೆ ನೀರಾಯಿತು. ಹೊಸ ಪಂಚೆ ಉಟ್ಟು ನಡುಮನೆಯ ಕುರ್ಚಿಯಲ್ಲಿ ಕೂತರು. ಅವರ ಎದುರಿಗೇ ನೆಲದ ಮೇಲೆ ನಾದಿನಿ ಲೋಟಗಳಿಗೆ ಮುಚ್ಚಳ ಇಟ್ಟು ದಾರ ಕಟ್ಟುತ್ತಿದ್ದಳು, ಆ ಮಧ್ಯಾಹ್ನವೇ ಇನ್ನೊಂದು ಬಾಕ್ಸು ಕಳಿಸುವುದಿತ್ತು. ಇಬ್ಬರ ನಡುವೆ ಒಂದು ಮಾರು ದೂರವೂ ಇರಲಿಲ್ಲ. ಮಾವ ಬಂದರು, ಲೋಟವೊಂದನ್ನು ಎತ್ತಿ ಮೂಸಿ ಇಟ್ಟರು.

"ಇದೆಲ್ಲ ಹಬ್ಬದ ವ್ಯಾಪಾರ. ಹಬ್ಬ ಕಳೆದ ಮೇಲೆ ಯಾರು ಕೊಳ್ತಾರೆ?"

ನನಗೆ ಪಿತ್ತ ನೆತ್ತಿಗೇರಿತು. "ಉದ್ಯೋಗ ತೋರಿಸ್ಲಿ ಅಂದೋರು ನೀವೇ ಅಲ್ವಾ ಮಾವ? ತೋರಿಸಿದಾಳೆ. ಈಗ ಸುಗ್ಗಿ ತನಕ ಕಾಯ್ಬೇಕಾ, ಯುಗಾದಿ ತನಕ ಕಾಯ್ಬೇಕಾ, ಅದನ್ನೂ ಹೇಳಿಬಿಡಿ."

"ದೊಡ್ಡೋರು ಮಾತಾಡೋವಾಗ ನಡುವೆ ಬಾಯಿ ಹಾಕಬಾರ್ದಮ್ಮ" ಎಂದರು ಮಾವ. ನನ್ನ ಗಂಡನ ಕಡೆ ನೋಡಿದೆ. ಅವರು ಬಾಯಿ ತೆರೆಯುವ ಮೊದಲೇ ನನಗೆ ಉತ್ತರ ಗೊತ್ತಿತ್ತು. ಮಾವ ಅಳಿಯಂದಿರ ಕಡೆ ತಿರುಗಿ, "ಏನು, ಕರ್ಕೊಂಡು ಹೋಗ್ತೀರಲ್ಲ?" ಎಂದು ಕೇಳಿದರು.

ಅಳಿಯಂದಿರು ಎದುರಿನ ಗೋಡೆಯ ಕ್ಯಾಲೆಂಡರ್ ನೋಡುತ್ತಾ, "ಬರೋರಿದ್ರೆ ಬರಬಹುದು" ಎಂದರು.

"ಆಯ್ತಲ್ಲ, ಹೇಳಿದ್ರಲ್ಲ. ಏಳಮ್ಮ, ಬಟ್ಟೆ ತುಂಬ್ಕೋ" ಎಂದರು ಮಾವ.

ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅತ್ತೆ, "ಇರಣ್ಣ" ಎಂದರು. "ಅಳಿಯಂದ್ರೇ, ಅದನ್ನ ಅವಳಿಗೆ ಹೇಳಿ. ಇಲ್ಲೇ ಕೂತಿದಾಳಲ್ಲ."

ನಾದಿನಿಯ ಕೈ ನಿಂತಿತು. ತಲೆ ಎತ್ತಲಿಲ್ಲ, ಬೆರಳಿಗೆ ಸುತ್ತಿದ ದಾರ ಹಾಗೇ ಇತ್ತು. ಎಲ್ಲರೂ ಕಾದೆವು. ಅಳಿಯಂದಿರು ಕ್ಯಾಲೆಂಡರಿನಿಂದ ಕಣ್ಣು ತೆಗೆದು ಕಾಫಿ ಲೋಟ ಎತ್ತಿಕೊಂಡು, ನಿಧಾನವಾಗಿ ಕುಡಿದು, ಕೆಳಗಿಟ್ಟರು.

"ಹೇಳಿ ಅಂತಿದೀನಿ" ಎಂದರು ಅತ್ತೆ. "ಗೋಡೆಗೆ ಹೇಳಿದ್ರೆ ಆಗಲ್ಲ. ನಾನು ನಿಮಗೆ ಕೊಟ್ಟಿದ್ದು ಗೋಡೆನಲ್ಲ."

ಅಳಿಯಂದಿರು ಮೊಬೈಲು ತೆಗೆದು ನೋಡತೊಡಗಿದರು. ಅತ್ತೆ ಕಣ್ಣೊರೆಸಿಕೊಂಡು, "ಊಟ ಮಾಡಿ ಹೊರಡಿ. ಸಂಜೆ ಮೇಲೆ ಕುಂಸಿ ಕಡೆ ಬಸ್ಸು ಕಮ್ಮಿ" ಎಂದು ಒಳಗೆ ಹೋದರು. ಮಾವ ಊಟಕ್ಕೂ ನಿಲ್ಲದೆ ಹೊರಟರು. ಅಳಿಯಂದಿರು ಹೋಳಿಗೆ ಹಾಕಿಸಿಕೊಂಡು ಉಂಡು, ಚಪ್ಪಲಿ ಮೆಟ್ಟಿ, ಒಬ್ಬರೇ ಹೋದರು.

ನನಗೆ ಹಿಡಿಸಲಾರದಷ್ಟು ಖುಷಿ. ಗೇಟಿನ ಸದ್ದು ಕೇಳಿದ್ದೇ ತಡ, ಓಡಿಬಂದು ನಾದಿನಿಯ ಹೆಗಲು ಹಿಡಿದು ಅಲ್ಲಾಡಿಸಿ, "ಗೆದ್ದೆ ಕಣೇ ಮಾರಾಯ್ತಿ! ಇನ್ನು ಯಾವ ನನ್ಮಗನೂ ನಿನ್ನ ಕಳಿಸೋಕಾಗಲ್ಲ!" ಎಂದೆ.

ಅವಳು ಅದೇ ಮುಚ್ಚಳ ಹಿಡಿದು ಕೂತಿದ್ದಳು. ಬಿಗಿದ ದಾರಕ್ಕೆ ಬೆರಳ ತುದಿ ಕೆಂಪಾಗಿತ್ತು.

"ಹೂಂ ಅತ್ತಿಗೆ" ಎಂದಳು. ಆಮೇಲೆ ಬಾಗಿಲ ಕಡೆ ನೋಡಿ, "ನನ್ನ ಕಡೆ ತಿರುಗಿ 'ಬಾ' ಅಂದಿದ್ರೆ ಹೋಗಿಬಿಡ್ತಿದ್ದೆ" ಎಂದಳು.